ಊಹೆಯ ಧರ್ಮ

ಕಾಣದ ವಸ್ತುವನ್ನು ಕುರಿತು ಊಹಿಸುವುದು ಮನುಷ್ಯನ ಸಹಜವಾದ ಸ್ವಭಾವಗಳಲ್ಲೊಂದು. ಮೋಡದ ಬಣ್ಣವನ್ನು ನೋಡಿ ರೈತನು ಮಳೆಯನ್ನು ಊಹಿಸುವನು. ಲಕೋಟೆಯ ಮೇಲಿನ ಅಕ್ಷರವನ್ನು ನೋಡಿದೊಡನೆಯೇ ತಾಯಿಯು ದೂರದ ಮಗನ ಕ್ಷೇಮವನ್ನು ಊಹಿಸುವಳು. ಮುಚ್ಚಿದ ಮುಷ್ಟಿಯನ್ನು ಮುಂದೆ ಹಿಡಿದರೆ ಎಳೆಯ ಮಗುವೂ ಅದರೊಳಗೇನಿದೆಯೆಂದು ಯೋಚಿಸುವುದು. ಇವುಗಳಲ್ಲಿ ನೀತಿವಿಚಾರಕ್ಕೆ ಅವಕಾಶವಿರುವಂತೆ ತೋರುವುದಿಲ್ಲ. ಊಹೆ ನಿಜವಾದರೆ ಸಂತೋಷ, ಸುಳ್ಳಾದರೆ ಒಂದು ನಗು. ಅಲ್ಲಿಗೆ ಅದರ ಕಥೆ ಮುಗಿಯಿತು. ಆದರೆ ಊಹೆಗೆ ವಿಷಯವಾದ ವಸ್ತುವು ಮಾರಾಟದ ಪದಾರ್ಥವಾಗಿದ್ದು, ಊಹಿಸುವವರ ಸಂಖ್ಯೆ ಲಕ್ಷಗಟ್ಟಲೆಯಾಗಿ, ಅದನ್ನು ಮರೆಮಾಡಿ ಇಟ್ಟಿರುವವನಿಗೆ ಅವರ ಊಹೆಯಿಂದಲೇ ಲಾಭವುಂಟಾಗುತ್ತಿರುವಾಗ, ಈ ಸರಳವಾದ ಮನೋವ್ಯಾಪಾರವು ಸರಳವಾಗಿ ಉಳಿಯುವುದಿಲ್ಲ. ಊಹೆಗೂ ಒಂದು ಧರ್ಮವುಂಟೆ, ಉಂಟಾದರೆ ಅದು ಯಾವುದು ಎಂಬ ಪ್ರಶ್ನೆ ಆಗ ಹುಟ್ಟುವುದು.

ಈ ಪ್ರಶ್ನೆಯ ವಿಚಾರಕ್ಕೆ ಮೋಟಾರು ಗಾಡಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ತಯಾರಕನೊಬ್ಬನು ಹೊಸ ಮಾದರಿಯೊಂದನ್ನು ಇಂಥ ದಿನ ಹೊರಗೆ ತೋರಿಸುವನೆಂಬ ಸುದ್ದಿ ಹುಟ್ಟಿತೆಂದರೆ, ಗಾಡಿಗಳಲ್ಲಿ ಆಸಕ್ತಿಯುಳ್ಳವರಿಗೆ ಆ ದಿನದವರೆಗೆ ಬೇರೆ ಮಾತೇ ಇರುವುದಿಲ್ಲ. ಪರೀಕ್ಷೆಗಾಗಿ ರಸ್ತೆಯ ಮೇಲೆ ಓಡಿಸುವ ಗಾಡಿಯ ಆಕಾರವು ಗುರುತಿಗೆ ಸಿಕ್ಕದಿರಲೆಂದು ಅದರ ಮೈಗೆಲ್ಲ ಕಪ್ಪುಬಿಳುಪಿನ ಗೊಂದಲದ ಚಿತ್ರಗಳನ್ನು ಅಂಟಿಸಿರುತ್ತಾರೆ. ಅಂಥ ಗಾಡಿಯ ಒಂದು ಮಸುಕಾದ ಛಾಯಾಚಿತ್ರ ದೊರೆತರೂ ಸಾಕು. ದೀಪದ ಅಂಚು, ಚಕ್ರದ ಅಗಲ, ಬೆನ್ನಿನ ಇಳಿಜಾರು ಇವುಗಳನ್ನೆಲ್ಲ ಅಳೆದು, ಎಂಜಿನು ಮುಂದಿದೆಯೋ ಹಿಂದಿದೆಯೋ, ಬೆಲೆ ಎಷ್ಟಿದ್ದೀತು ಎಂಬುದನ್ನು ವಾದಿಸುತ್ತ ಅವರು ಇರುಳುಗಳನ್ನೇ ಕಳೆಯಬಲ್ಲರು. ಇವರಲ್ಲಿ ಆ ಗಾಡಿಯನ್ನು ಕೊಳ್ಳಬಲ್ಲವರು ಕೆಲವರೇ. ಹೊರಗಿನವರು ಇದನ್ನು ನೋಡಿ ಹಗುರವಾಗಿ ನಗುವುದುಂಟು. ಆದರೆ ನಕ್ಕು ಬಿಟ್ಟುಬಿಡುವಷ್ಟು ಹಗುರವಾದ ವಿಷಯವಲ್ಲವೆಂಬುದು ಇಂಥ ನಿರೀಕ್ಷೆಗಳ ಇತಿಹಾಸವನ್ನು ನೋಡಿದರೆ ತಿಳಿಯುವುದು.

ಅವುಗಳಲ್ಲಿ ಬಹು ದೊಡ್ಡದು ೧೯೨೭ನೆಯ ಇಸವಿಯಲ್ಲಿ ಅಮೆರಿಕದಲ್ಲಿ ನಡೆಯಿತು. ಹೆನ್ರಿ ಫೋರ್ಡನು ೧೯೦೮ರಲ್ಲಿ ಹೊರತಂದ ‘ಮಾಡೆಲ್ ಟಿ’ ಎಂಬ ಗಾಡಿಯು ಹತ್ತೊಂಬತ್ತು ವರ್ಷಗಳ ಕಾಲ ಹೆಚ್ಚಿನ ಮಾರ್ಪಾಡಿಲ್ಲದೆ ತಯಾರಾಗಿ, ಹಳ್ಳಿಯ ಬೇಸಾಯಗಾರನಿಗೂ ಮೋಟಾರು ವಾಹನವನ್ನು ಕೈಗೆಟುಕಿಸಿತ್ತು. ೧೯೨೭ನೆಯ ಮೇ ತಿಂಗಳು ೨೬ನೆಯ ತಾರೀಖು ಒಂದೂವರೆ ಕೋಟಿಯದೆಂದು ಎಣಿಸಿದ ಗಾಡಿ ಕಾರ್ಖಾನೆಯಿಂದ ಹೊರಬಿದ್ದಿತು. ಅದೇ ಸಮಯದಲ್ಲಿ ಆ ಮಾದರಿಗೆ ಮುಕ್ತಾಯವೆಂದೂ ಹೊಸದೊಂದು ಬರುವುದೆಂದೂ ಪ್ರಕಟವಾಯಿತು. ಹೊಸದು ಹೇಗಿರುವುದೆಂಬುದನ್ನು ಮಾತ್ರ ಫೋರ್ಡನು ಹೇಳಲಿಲ್ಲ. ಆರು ತಿಂಗಳಿಗೂ ಮೀರಿ ದೇಶವೆಲ್ಲ ಊಹಿಸಿತು. ಮಿಷಿಗನ್ ಪ್ರಾಂತದ ಬ್ರೈಟನ್ ಎಂಬ ಸಣ್ಣ ಊರಿನ ವಾರಪತ್ರಿಕೆಯ ಸಂಪಾದಕನು ಪರೀಕ್ಷೆಗಾಗಿ ಹೊರಟಿದ್ದ ಹೊಸ ಗಾಡಿಯ ಛಾಯಾಚಿತ್ರವನ್ನು ತೆಗೆದುಬಿಟ್ಟಾಗ, ಜನರು ಆ ಚಿತ್ರದ ಒಂದೊಂದು ಗೆರೆಯನ್ನೂ ಹಿಡಿದು ಚರ್ಚಿಸಿದರು. ಗಾಡಿಯನ್ನು ಕಾಣದೆ, ಅದರ ಬೆಲೆಯನ್ನೂ ತಿಳಿಯದೆ, ಮುಂಗಡ ಹಣ ಕಟ್ಟಿ ಹೆಸರು ಬರೆಯಿಸಿದವರು ಲಕ್ಷಗಟ್ಟಲೆ. ಕೊನೆಗೆ ಡಿಸೆಂಬರ್ ೨ನೆಯ ತಾರೀಖು ‘ಮಾಡೆಲ್ ಎ’ ಎಂಬ ಗಾಡಿಯನ್ನು ತೋರಿಸಿದ ದಿನ ನ್ಯೂಯಾರ್ಕಿನಲ್ಲಿ ನೂಕುನುಗ್ಗಲನ್ನು ತಡೆಯಲಾರದೆ ಪ್ರದರ್ಶನವನ್ನು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ದೊಡ್ಡ ಸಭಾಮಂದಿರಕ್ಕೆ ಸಾಗಿಸಬೇಕಾಯಿತು.

ಈ ಊಹೆಯೆಲ್ಲ ವ್ಯರ್ಥಾಲಾಪವೆಂದು ಹೇಳುವುದು ನ್ಯಾಯವಲ್ಲ. ಭಾರತೀಯ ಶಾಸ್ತ್ರಕಾರರು ಊಹೆಯನ್ನು ತುಚ್ಛವಾಗಿ ಎಣಿಸಲಿಲ್ಲ. ಗೌತಮನ ನ್ಯಾಯಸೂತ್ರಗಳಲ್ಲಿ ತರ್ಕದ ಲಕ್ಷಣವನ್ನು ಹೇಳುವಾಗ ಊಹೆಯೆಂಬ ಪದವೇ ಬಂದಿದೆ. ಯಾವ ವಸ್ತುವಿನ ತತ್ತ್ವವು ಇನ್ನೂ ತಿಳಿದಿಲ್ಲವೋ ಅದರ ವಿಷಯದಲ್ಲಿ, ಕಾರಣದ ಆಧಾರವನ್ನು ಹಿಡಿದು, ತತ್ತ್ವವನ್ನು ತಿಳಿಯುವುದಕ್ಕಾಗಿ ಮಾಡುವ ಊಹೆಯು ತರ್ಕವೆಂಬುದು ಅದರ ತಾತ್ಪರ್ಯ. ಇದರಲ್ಲಿ ಎರಡು ನಿಬಂಧನೆಗಳಿವೆ. ಊಹೆಗೆ ಕಾರಣವಿರಬೇಕೆಂಬುದು ಒಂದು. ಅದರ ಪ್ರಯೋಜನವು ತತ್ತ್ವಜ್ಞಾನವಾಗಿರಬೇಕೆಂಬುದು ಇನ್ನೊಂದು. ಮೊದಲನೆಯದು ಬುದ್ಧಿಗೆ ಸಂಬಂಧಪಟ್ಟದ್ದು. ಎರಡನೆಯದು ಶೀಲಕ್ಕೆ ಸಂಬಂಧಪಟ್ಟದ್ದು. ಪ್ರಸ್ತುತ ವಿಚಾರದ ಗಂಟು ಇರುವುದು ಈ ಎರಡನೆಯದರಲ್ಲಿ.

ಮೊದಲನೆಯ ನಿಬಂಧನೆಯನ್ನು ಗಾಡಿಪ್ರಿಯರು ಚೆನ್ನಾಗಿಯೇ ಪಾಲಿಸಬಲ್ಲರು. ೧೯೨೭ರಲ್ಲಿ ವಿವೇಕಿಯಾದವನು ಹೀಗೆ ಯೋಚಿಸಬಹುದಾಗಿತ್ತು: ಹಳೆಯ ಫೋರ್ಡ್ ಗಾಡಿಗೆ ಇದ್ದುವು ಎರಡೇ ಗೇರುಗಳು, ಅವನ್ನು ಕಾಲಿನಿಂದ ಮೆಟ್ಟಿ ಬದಲಾಯಿಸಬೇಕಾಗಿತ್ತು, ಜನರಲ್ ಮೋಟಾರ್ಸ್ ಸಂಸ್ಥೆಯ ಷೆವ್ರೊಲೆ ಗಾಡಿಯಲ್ಲಿ ಮೂರು ಗೇರುಗಳಿದ್ದುವು, ಕೈಯಿಂದ ಬದಲಾಯಿಸಬಹುದಾಗಿತ್ತು, ಜನರು ಹಳೆಯದನ್ನು ಬಿಟ್ಟು ಇದರ ಕಡೆ ತಿರುಗುತ್ತಿದ್ದರು, ಆದುದರಿಂದ ಹೊಸ ಫೋರ್ಡಿನಲ್ಲಿ ಮೂರು ಗೇರುಗಳು ಇದ್ದೇ ಇರಬೇಕು. ಹೊಗೆಯಿಂದ ಬೆಂಕಿಯನ್ನು ಊಹಿಸುವ ರೀತಿಯೇ ಇದು. ಮತ್ತು ಈ ಊಹೆ ನಿಜವೂ ಆಯಿತು. ಇಂಥ ಅಭ್ಯಾಸದಿಂದ ಬುದ್ಧಿಯು ಹರಿತವಾಗುವುದು. ಒಂದು ದೀಪದ ನೆರಳಿನಿಂದ ಗಾಡಿಯ ಮೈಕಟ್ಟನ್ನು ಕಟ್ಟಿ ನಿಲ್ಲಿಸುವ ತರುಣನು, ತಾನು ಅರಿಯದೆಯೇ, ಒಂದು ಶಾಸ್ತ್ರವನ್ನು ಅಭ್ಯಾಸಮಾಡುತ್ತಿರುವನು.

ಎಡವುವುದು ಎರಡನೆಯದರಲ್ಲಿ. ತಿಳಿಯಬೇಕೆಂಬ ಇಚ್ಛೆ ಬೇರೆ, ಪಡೆಯಬೇಕೆಂಬ ಇಚ್ಛೆ ಬೇರೆ. ಎರಡೂ ಒಂದೇ ಬಾಗಿಲಿನಿಂದ ಒಳಗೆ ಬರುವುದರಿಂದ ಮನಸ್ಸು ಇವುಗಳ ಭೇದವನ್ನು ಗುರುತಿಸದು. ‘ಹೀಗಿದ್ದೀತು’ ಎಂದು ಆರಂಭವಾದ ಮಾತು ಕೆಲವು ದಿನಗಳಲ್ಲಿ ‘ಹೀಗಿದ್ದರೆ ಚೆನ್ನು’ ಎಂದಾಗಿ, ಅಲ್ಲಿಂದ ‘ಹೀಗೆಯೇ ಇರಬೇಕು’ ಎಂದಾಗಿ, ಕೊನೆಗೆ ‘ಹೀಗಿಲ್ಲದಿದ್ದರೆ ಮೋಸ’ ಎಂಬಲ್ಲಿ ನಿಲ್ಲುವುದು. ಈ ನಾಲ್ಕು ಮೆಟ್ಟಿಲುಗಳಲ್ಲಿ ಹೊಸ ಸಾಕ್ಷ್ಯ ಯಾವುದೂ ಸೇರಲಿಲ್ಲ. ಸೇರಿದುದು ಮಮಕಾರ ಮಾತ್ರ. ತೆರೆಯ ಹಿಂದೆ ಇರುವುದು ತಯಾರಕನ ಗಾಡಿ. ತೆರೆಯ ಮೇಲೆ ಕಾಣುವುದು ನೋಡುವವನ ಬಯಕೆ. ತೆರೆ ಸರಿದಾಗ ಗಾಡಿಯು ಕಾಣಿಸಿಕೊಂಡರೂ ಅದನ್ನು ನೋಡುವವರಿಲ್ಲ. ಬಯಕೆಗೂ ಅದಕ್ಕೂ ಇರುವ ಅಂತರವನ್ನು ಮಾತ್ರ ಅಳೆಯುತ್ತಾರೆ.

ಇದರ ಫಲವು ೧೯೫೭ರಲ್ಲಿ ಅದೇ ಫೋರ್ಡ್ ಸಂಸ್ಥೆಗೆ ಕಹಿಯಾಗಿ ತಿಳಿಯಿತು. ೧೯೨೭ರ ಗಾಡಿಯ ರೂಪರಚನೆಯಲ್ಲಿ ಮುಖ್ಯನಾಗಿದ್ದವನು ಹೆನ್ರಿ ಫೋರ್ಡನ ಮಗ ಎಡ್ಸೆಲ್. ಆತನು ೧೯೪೩ರಲ್ಲಿ ತೀರಿಕೊಂಡನು. ಆತನ ಹೆಸರಿನಲ್ಲಿ ಹೊಸ ಗಾಡಿಯೊಂದನ್ನು ಹೊರಡಿಸಲು ಸಂಸ್ಥೆ ನಿಶ್ಚಯಿಸಿ, ಮೂವತ್ತು ವರ್ಷಗಳ ಹಿಂದಿನ ಕುತೂಹಲವನ್ನು ಈ ಸಲ ಬೇಕೆಂದೇ ಬೆಳೆಸತೊಡಗಿತು. ಜಾಹೀರಾತುಗಳಲ್ಲಿ ಗಾಡಿಯನ್ನು ಮಬ್ಬಾಗಿಯೋ ಮುಸುಕಿನೊಳಗೋ ತೋರಿಸಿದರು. ಮಾರಾಟಗಾರರು ಅದನ್ನು ಗೊತ್ತಾದ ದಿನದವರೆಗೆ ಮರೆಯಲ್ಲಿಡಬೇಕೆಂದು ಏರ್ಪಡಿಸಿದರು. ಸೆಪ್ಟೆಂಬರ್ ೪ನೆಯ ತಾರೀಖು ಮುಸುಕನ್ನು ತೆಗೆದಾಗ ಜನ ಗುಂಪುಗುಂಪಾಗಿ ಬಂದರು, ನೋಡಿದರು, ಕೊಳ್ಳದೆ ಹಿಂದಿರುಗಿದರು. ಗಾಡಿಯಲ್ಲಿ ದೋಷಗಳಿದ್ದುದೂ ನಿಜ. ಮರುವರ್ಷ ದೇಶದಲ್ಲಿ ವ್ಯಾಪಾರ ಕುಗ್ಗಿದುದೂ ನಿಜ. ಆದರೆ ಅದಕ್ಕಿಂತ ಹೆಚ್ಚಾಗಿ, ಹಿಂದೆಂದೂ ಇಲ್ಲದ ವಸ್ತುವೊಂದು ಬರುವುದೆಂದು ನಂಬಿದ್ದವರ ಎದುರಿಗೆ ಬಂದು ನಿಂತುದು ಇತರ ಗಾಡಿಗಳಂಥದೇ ಒಂದು ಗಾಡಿ. ೧೯೫೯ರ ನವೆಂಬರಿನಲ್ಲಿ ಅದರ ತಯಾರಿಕೆಯನ್ನು ನಿಲ್ಲಿಸಿದರು. ಮುಸುಕು ಇಲ್ಲದಿದ್ದರೆ ಅದು ಸಾಧಾರಣವಾದ ಗಾಡಿಯೆನ್ನಿಸಿಕೊಂಡು ಸಾಧಾರಣವಾಗಿ ಬದುಕಿರುತ್ತಿತ್ತೋ ಏನೋ. ಬಯಕೆಯನ್ನು ಬಿತ್ತಿದವನಿಗೆ ಬೆಳೆಯ ಮೇಲೆ ಅಧಿಕಾರವಿಲ್ಲ.

ಭಾರತದಲ್ಲಿ ನಡೆದ ಒಂದು ನಿದರ್ಶನವು ಇದೇ ತತ್ತ್ವವನ್ನು ಬೇರೆ ಮುಖದಿಂದ ತೋರಿಸುವುದು. ಸಾಮಾನ್ಯ ಕುಟುಂಬಕ್ಕೆ ಒಂದು ಲಕ್ಷ ರೂಪಾಯಿನಲ್ಲಿ ಗಾಡಿ ದೊರೆಯುವಂತೆ ಮಾಡಬೇಕೆಂಬ ಸಂಕಲ್ಪವನ್ನು ರತನ್ ಟಾಟಾ ಅವರು ೨೦೦೩ರಲ್ಲಿ ಹೊರಗೆಡಹಿದರು. ೨೦೦೮ನೆಯ ಜನವರಿ ೧೦ರಂದು ದೆಹಲಿಯಲ್ಲಿ ಅದನ್ನು ತೋರಿಸುವವರೆಗೆ ಜನರ ಕೈಯಲ್ಲಿದ್ದ ಸಾಕ್ಷ್ಯವೆಂದರೆ ಮುಖ್ಯವಾಗಿ ಈ ಒಂದು ಸಂಖ್ಯೆಯೇ. ಇಷ್ಟು ಬೆಲೆಗೆ ನಾಲ್ಕು ಚಕ್ರದ ರಿಕ್ಷಾ ಬಂದೀತೇ ಹೊರತು ಗಾಡಿ ಬರಲಾರದೆಂದು ಕೆಲವರು. ಬಡವನ ಸಂಸಾರ ಮಳೆಯಲ್ಲಿ ನೆನೆಯದೆ ಹೋಗುವ ಕಾಲ ಬಂದಿತೆಂದು ಕೆಲವರು. ತೆರೆ ಸರಿದಾಗ ಉಕ್ಕಿನ ಮೈಯೂ ನಾಲ್ಕು ಬಾಗಿಲುಗಳೂ ೬೨೩ ಘನ ಸೆಂಟಿಮೀಟರಿನ ಎಂಜಿನೂ ಉಳ್ಳ ನಿಜವಾದ ಗಾಡಿಯೇ ‘ನ್ಯಾನೊ’ ಎಂಬ ಹೆಸರಿನಲ್ಲಿ ನಿಂತಿತ್ತು. ಮರುವರ್ಷ ಎರಡು ಲಕ್ಷಕ್ಕೂ ಹೆಚ್ಚು ಮಂದಿ ಹೆಸರು ಬರೆಯಿಸಿದರು. ಆದರೂ ಕಾಲಕ್ರಮದಲ್ಲಿ ಅದು ಜನರ ಮನಸ್ಸಿನಲ್ಲಿ ‘ಎಲ್ಲಕ್ಕಿಂತ ಅಗ್ಗದ ಗಾಡಿ’ ಎಂಬ ಹೆಸರನ್ನು ಕಳಚಿಕೊಳ್ಳಲಾರದೆ, ಮಾರಾಟ ಕುಗ್ಗಿ, ಹತ್ತು ವರ್ಷಗಳಲ್ಲಿ ತೆರೆಮರೆಗೆ ಸರಿಯಿತು. ಅದರ ಸೋಲಿಗೆ ಬೇರೆ ಕಾರಣಗಳೂ ಉಂಟು. ಆದರೆ ಊಹೆಯ ಐದು ವರ್ಷಗಳಲ್ಲಿ ಹಿಡಿದ ಒಂದೇ ಒಂದು ಗುಣವು, ಪ್ರತ್ಯಕ್ಷವಾದ ಮೇಲೆ ಕಂಡ ಉಳಿದ ಗುಣಗಳನ್ನೆಲ್ಲ ನುಂಗಿಬಿಟ್ಟಿತೆಂಬುದು ಗಮನಿಸತಕ್ಕ ವಿಷಯ. ಎಡ್ಸೆಲ್ ಗಾಡಿಗೆ ಊಹೆಯು ಇಲ್ಲದ ಗುಣವನ್ನು ಆರೋಪಿಸಿತು. ಇದಕ್ಕೆ ಇದ್ದ ಗುಣಗಳನ್ನು ಮರೆಸಿತು. ಎರಡೂ ಕಡೆ ಪ್ರತ್ಯಕ್ಷಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿಲ್ಲ.

ಹಾಗಾದರೆ ತಪ್ಪೆಲ್ಲ ಮರೆಮಾಡುವವನದೇ ಎನ್ನಬಹುದೆ? ಹಾಗೆ ಒಂದೇ ಮಾತಿನಲ್ಲಿ ತೀರಿಸುವುದು ಸಾಧ್ಯವಿಲ್ಲ. ರಂಗಭೂಮಿಯ ಪರದೆಯು ಮೋಸವಲ್ಲ. ನಾಟಕದ ರಸಕ್ಕೆ ಅದು ಅಂಗ. ಅಡಿಗೆಯಾಗುವ ಮೊದಲು ಪಾತ್ರೆಯ ಮುಚ್ಚಳವನ್ನು ತೆಗೆಯದಿರುವುದಕ್ಕೆ ಯಾರೂ ಗೃಹಿಣಿಯನ್ನು ದೂರುವುದಿಲ್ಲ. ತಯಾರಕನು ತನ್ನ ಗಾಡಿಯ ರೂಪವನ್ನು ಒಂದು ದಿನದವರೆಗೆ ಮುಚ್ಚಿಡುವುದು ಅಷ್ಟರಮಟ್ಟಿಗೆ ನಿರ್ದೋಷ. ಕಾಣದ ಗಾಡಿಗಾಗಿ ಹಣ ಪಡೆಯುವುದೂ ಸ್ವತಃ ಅಧರ್ಮವಲ್ಲ. ೨೦೧೬ನೆಯ ಮಾರ್ಚ್ ೩೧ರಂದು ಅಮೆರಿಕದ ಟೆಸ್ಲಾ ಸಂಸ್ಥೆಯು ತನ್ನ ‘ಮಾಡೆಲ್ ೩’ ಎಂಬ ವಿದ್ಯುತ್ ಗಾಡಿಯನ್ನು ತೋರಿಸುವ ಮೊದಲೇ ಜನರು ಅಂಗಡಿಗಳ ಮುಂದೆ ಸಾಲು ನಿಂತು ತಲಾ ಸಾವಿರ ಡಾಲರು ಕಟ್ಟಿದರು. ಬೇಡವೆಂದರೆ ಆ ಹಣವನ್ನು ಹಿಂದಕ್ಕೆ ಪಡೆಯುವ ಹಕ್ಕು ಅವರಿಗೆ ಇದ್ದಿತು. ಹಿಂದಕ್ಕೆ ತೆಗೆದುಕೊಳ್ಳಬಹುದಾದ ಹಣದಲ್ಲಿ ಬಲಾತ್ಕಾರವಿಲ್ಲ. ಮುಚ್ಚಿಟ್ಟದ್ದು ಗುಣವೋ ದೋಷವೋ ಎಂಬುದೊಂದು, ಸುಳ್ಳೆಂದು ತಿಳಿದೂ ಜನರ ಊಹೆಯನ್ನು ತಿದ್ದದೆ ಅದರಿಂದ ಲಾಭ ಪಡೆದನೋ ಎಂಬುದೊಂದು—ಇವೆರಡರಿಂದ ತಯಾರಕನ ಧರ್ಮವನ್ನು ನಿರ್ಣಯಿಸಬೇಕು. ತನ್ನಲ್ಲಿಲ್ಲದುದನ್ನು ಜನರು ತನ್ನಲ್ಲಿ ಕಾಣುತ್ತಿರುವರೆಂದು ತಿಳಿದೂ ಮೌನವಾಗಿರುವವನ ಮೌನವು ಮಾತಿನಷ್ಟೇ ಹೊಣೆಯುಳ್ಳದ್ದು.

ಈ ಮೌನವನ್ನೇ ವ್ಯಾಪಾರದ ಪದ್ಧತಿಯನ್ನಾಗಿ ಮಾಡುವುದೂ ಉಂಟು. ಹತ್ತೊಂಬತ್ತು ವರ್ಷಕ್ಕೊಮ್ಮೆ ಬಂದ ಕುತೂಹಲವನ್ನು ವರ್ಷವರ್ಷವೂ ಏಕೆ ತರಬಾರದೆಂದು ಯೋಚಿಸಿ, ಜನರಲ್ ಮೋಟಾರ್ಸ್ ಸಂಸ್ಥೆಯವರು ಪ್ರತಿವರ್ಷ ಮಾದರಿಯನ್ನು ಬದಲಾಯಿಸುವ ಕ್ರಮವನ್ನು ಬೆಳೆಸಿದರು. ಆ ಸಂಸ್ಥೆಯ ಸಂಶೋಧನಶಾಲೆಯ ಮುಖ್ಯಸ್ಥನಾಗಿದ್ದ ಚಾರ್ಲ್ಸ್ ಕೆಟರಿಂಗ್ ೧೯೨೯ರಲ್ಲಿ ಬರೆದ ಒಂದು ಲೇಖನದ ತಲೆಬರಹವು, ಕೊಳ್ಳುವವನನ್ನು ಸದಾ ಅತೃಪ್ತನನ್ನಾಗಿ ಇಡಬೇಕೆಂಬ ಅರ್ಥವನ್ನು ಬಿಚ್ಚಿ ಹೇಳುವಂಥದು. ಅತೃಪ್ತಿಯಿಂದ ಸುಧಾರಣೆ ಬರುವುದೆಂಬ ವಾದದಲ್ಲಿ ಸತ್ಯವಿಲ್ಲದೆ ಇಲ್ಲ. ಹಳೆಯದರಲ್ಲಿಯೇ ತೃಪ್ತಿಪಟ್ಟಿದ್ದರೆ ನಾಲ್ಕು ಚಕ್ರಗಳಿಗೂ ಬ್ರೇಕು ಬರುತ್ತಿರಲಿಲ್ಲ. ಆದರೆ ಬಾರದ ಗಾಡಿಯ ಧ್ಯಾನದಲ್ಲಿ, ಬಂದು ಅಂಗಳದಲ್ಲಿ ನಿಂತಿರುವ ಗಾಡಿಯು ಕಣ್ಣಿಗೆ ಕಾಣದಂತಾದರೆ ಅದನ್ನು ಸುಧಾರಣೆಯೆನ್ನಬಹುದೆ? ನಿನ್ನೆ ಯಾವುದಕ್ಕಾಗಿ ನಿದ್ದೆಗೆಟ್ಟನೋ ಅದನ್ನೇ ಇಂದು ಹಳತೆಂದು ಬಿಡುವವನು ಯಾವ ಗಾಡಿಯನ್ನೂ ಪಡೆಯಲಿಲ್ಲ. ನಿರೀಕ್ಷೆಯೊಂದನ್ನೇ ಮತ್ತೆ ಮತ್ತೆ ಕೊಂಡನು.

ಇನ್ನೊಂದು ವಿಷಯ ಇದಕ್ಕಿಂತಲೂ ಗುರುತರವಾದದ್ದು. ೧೯೨೭ರ ಆ ಆರು ತಿಂಗಳು ದೇಶಕ್ಕೆ ಕುತೂಹಲದ ಕಾಲವಾಗಿತ್ತು. ಡಿಟ್ರಾಯಿಟ್ ನಗರದ ಕೂಲಿಗಾರರಿಗೆ ಹಾಗಿರಲಿಲ್ಲ. ಹಳೆಯ ಮಾದರಿ ನಿಂತು ಹೊಸದರ ಯಂತ್ರಗಳನ್ನು ಕೂಡಿಸುವವರೆಗೆ ಸಾವಿರಾರು ಮಂದಿ ಕೆಲಸವಿಲ್ಲದೆ, ಸಂಬಳವಿಲ್ಲದೆ ಕಾದರು. ಅದೇ ನಗರದಲ್ಲಿ ಆಗ ಕ್ರೈಸ್ತ ಧರ್ಮೋಪದೇಶಕನಾಗಿದ್ದು ಮುಂದೆ ತತ್ತ್ವಚಿಂತಕನೆಂದು ಪ್ರಸಿದ್ಧನಾದ ರೀನ್‌ಹೋಲ್ಡ್ ನೀಬುರ್ ತನ್ನ ದಿನಚರಿಯಲ್ಲಿ ಈ ಸಂಕಟವನ್ನು ಬರೆದಿಟ್ಟನು. ೧೯೨೯ರಲ್ಲಿ ಅದು ಪುಸ್ತಕವಾಗಿ ಪ್ರಕಟವಾಯಿತು. ಗಾಡಿಯು ಹೇಗಿದ್ದೀತೆಂದು ಕೇಳಿದ ಲಕ್ಷಾಂತರ ಜನರಲ್ಲಿ, ಅದು ಬರುವವರೆಗೆ ಅದನ್ನು ಮಾಡುವವರು ಹೇಗಿರುವರೆಂದು ಕೇಳಿದವರು ವಿರಳ. ಕಾರ್ಖಾನೆಯ ನಿಶ್ಶಬ್ದವು ಒಬ್ಬರಿಗೆ ರಹಸ್ಯವಾಗಿತ್ತು, ಇನ್ನೊಬ್ಬರಿಗೆ ಆರಿದ ಒಲೆಯಾಗಿತ್ತು.

ಊಹಿಸಿದವರಿಂದ ಈ ಕಷ್ಟವುಂಟಾಯಿತೆಂದು ಇದರ ಅರ್ಥವಲ್ಲ. ಆದರೆ ಇಲ್ಲಿ ನ್ಯಾಯಸೂತ್ರದ ಎರಡನೆಯ ನಿಬಂಧನೆಯ ಬೆಲೆ ಗೊತ್ತಾಗುವುದು. ತಿಳಿಯುವುದಕ್ಕಾಗಿ ಊಹಿಸುವವನ ಊಹೆಯು ವಸ್ತುವಿನ ಸುತ್ತಲೂ ಹರಡುವುದು: ಅದು ಹೇಗಿದೆ, ಯಾರಿಂದಾಯಿತು, ಯಾವುದರ ಬೆಲೆ ತೆತ್ತು ಆಯಿತು ಎಂದು ಪ್ರಶ್ನೆಯ ಬೆನ್ನಿಗೆ ಪ್ರಶ್ನೆ ಬರುವುದು. ಪಡೆಯುವುದಕ್ಕಾಗಿ ಊಹಿಸುವವನ ಊಹೆಯು ತನ್ನ ಕೈಗೆ ಬರುವ ಭಾಗದಲ್ಲಿಯೇ ನಿಲ್ಲುವುದು. ಜಿಜ್ಞಾಸೆಯು ದೃಷ್ಟಿಯನ್ನು ಹಿಗ್ಗಿಸುವುದು, ಲಾಲಸೆಯು ಕುಗ್ಗಿಸುವುದು.

ಇಷ್ಟೆಲ್ಲ ಹೇಳಿದರೆ, ಬಡಮನುಷ್ಯನಿಗೆ ಉಳಿದಿರುವ ಒಂದು ನಿರಪಾಯವಾದ ಸಂತೋಷವನ್ನೂ ಕಸಿದುಕೊಂಡಂತಾಗುವುದಿಲ್ಲವೆ ಎಂಬ ಆಕ್ಷೇಪ ಬರಬಹುದು. ವಾಸ್ತವವಾಗಿ ಈ ವಿಚಾರದಲ್ಲಿ ಬಡವನೇ ಮೇಲು. ಎಂದೂ ಗಾಡಿಯನ್ನು ಕೊಳ್ಳಲಾರದ ಹುಡುಗನೊಬ್ಬನು, ರಸ್ತೆಯ ತಿರುವಿನಲ್ಲಿ ಶಬ್ದ ಕೇಳಿದೊಡನೆಯೇ ಇದು ಇಂಥ ಗಾಡಿ, ಇಂಥ ವರ್ಷದ್ದು ಎಂದು ಹೇಳಬಲ್ಲನು. ಬರಲಿರುವುದು ಹೀಗಿರುವುದೆಂದು ಊಹಿಸಿ, ಬೇರೆ ರೀತಿಯಾಗಿ ಬಂದರೆ ‘ಹಾಗೋ!’ ಎಂದು ಕಣ್ಣರಳಿಸಿ ಮತ್ತೆ ನೋಡುವನು. ಅವನಿಗೆ ಆ ಗಾಡಿಯಿಂದ ಬರಬೇಕಾದುದು ಏನೂ ಇಲ್ಲ. ಆದುದರಿಂದ ಅದು ಅವನನ್ನು ವಂಚಿಸಲಾರದು. ಊಹೆಯ ನಿರ್ಮಲವಾದ ರೂಪವೆಂದರೆ ಇದು. ಕೊಳ್ಳಬಲ್ಲವನೂ ಈ ಹುಡುಗನಂತೆ ಊಹಿಸುವುದನ್ನು ಕಲಿತರೆ ಅವನ ಸಂತೋಷ ಹೆಚ್ಚುವುದೇ ಹೊರತು ಕಡಮೆಯಾಗದು.

ತಯಾರಕನೂ ಒಬ್ಬ ಊಹೆಗಾರನೇ ಎಂಬುದನ್ನು ಮರೆಯಬಾರದು. ಹೆನ್ರಿ ಫೋರ್ಡನು ಹಳೆಯ ಮಾದರಿಯ ಉತ್ತರಾಧಿಕಾರಿಯಾಗಿ ಎಂಟು ಸಿಲಿಂಡರುಗಳನ್ನು ನಕ್ಷತ್ರದ ಕೋನಗಳಂತೆ ಸುತ್ತಲೂ ಜೋಡಿಸಿದ ಅಪೂರ್ವವಾದ ಎಂಜಿನೊಂದನ್ನು ಕಲ್ಪಿಸಿ, ಗುಟ್ಟಾಗಿ ವರ್ಷಗಟ್ಟಲೆ ಪ್ರಯೋಗಗಳನ್ನು ಮಾಡಿಸಿದ್ದನು. ಕೆಳಗಿನ ಸಿಲಿಂಡರುಗಳು ರಸ್ತೆಯ ಕೆಸರು ಧೂಳುಗಳಿಗೆ ಸಿಕ್ಕಿ ಕಿಡಿ ಹೊತ್ತದೆ ಹೋಗುತ್ತಿದ್ದುವು. ಕೊನೆಗೆ ಆತನು ಆ ಕನಸನ್ನು ಬಿಟ್ಟನು. ಮಾಡೆಲ್ ಎ ಗಾಡಿಯಲ್ಲಿ ಬಂದುದು ನಾಲ್ಕು ಸಿಲಿಂಡರುಗಳ, ನಲವತ್ತು ಅಶ್ವಶಕ್ತಿಯ, ಯಾವ ವಿಚಿತ್ರವೂ ಇಲ್ಲದ ಎಂಜಿನು. ಹಟಮಾರಿಯೆಂದು ಹೆಸರಾದ ಆ ಮನುಷ್ಯನೂ ಕೆಸರಿನ ಸಾಕ್ಷ್ಯಕ್ಕೆ ತಲೆಬಾಗಿದನು.

ಹಾಗೆ ಬಂದ ಗಾಡಿಯನ್ನು ಜನರು ನೋಡಿದರು. ಅದರಲ್ಲಿ ಪವಾಡವೇನೂ ಇರಲಿಲ್ಲ. ಮೂರು ಗೇರುಗಳು, ನಾಲ್ಕು ಚಕ್ರಗಳಿಗೂ ಬ್ರೇಕು, ಒಡೆದರೂ ಚೂರಾಗಿ ಸಿಡಿಯದ ಮುಂಗಾಜು, ಅಗ್ಗದ ಮಾದರಿಗೆ ೪೦೦ ಡಾಲರಿಗಿಂತ ಕಡಿಮೆ ಬೆಲೆ, ಇಷ್ಟೇ. ಆರು ತಿಂಗಳು ಏನೇನನ್ನೋ ಕಲ್ಪಿಸಿಕೊಂಡಿದ್ದವರು, ಇದ್ದುದನ್ನು ಇದ್ದಂತೆಯೇ ಕಂಡು, ಒಳ್ಳೆಯದೆಂದು ಒಪ್ಪಿದರು. ಮುಂದಿನ ನಾಲ್ಕು ವರ್ಷಗಳಲ್ಲಿ ೪೮ ಲಕ್ಷಕ್ಕೂ ಹೆಚ್ಚು ಗಾಡಿಗಳು ತಯಾರಾದುವು. ಊಹೆಗೆ ಧರ್ಮವೆಂಬುದಿದ್ದರೆ ಅದು ಇಷ್ಟೇ: ತೆರೆ ಮುಚ್ಚಿರುವವರೆಗೆ ಕಾರಣವನ್ನು ಹಿಡಿದು ನಡೆಯುವುದು, ತೆರೆ ಸರಿದ ಕ್ಷಣದಲ್ಲಿ ತನ್ನ ಕಲ್ಪನೆಯನ್ನು ಬದಿಗಿಟ್ಟು, ಎದುರಿಗೆ ಬಂದುದನ್ನು ಕಣ್ತುಂಬ ನೋಡುವುದು.